ತೋಡಿನ ನೀರು ತಿಳಿ ಇದ್ರೆ ಸಾಕಾ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಬದಿಯಲ್ಲೇ ತೋಡು ಹರೀತದೆ. ನೀರು ತಿಳಿಯಾಗೇ ಉಂಟು, ಲ್ಯಾಬಿಗೆ ಕೊಟ್ಟಾಗ ಪಿಎಚ್, ಗಡಸುತನ ಎಲ್ಲ ಸರಿ ಅಂತ ರಿಪೋರ್ಟ್ ಬಂತು. ಆದ್ರೆ ಮೊದಲು ಕಾಲಿಟ್ರೆ ಬಂದು ಕಚ್ಚುತ್ತಿದ್ದ ಸಣ್ಣ ಮೀನು ಈಗ ಇಲ್ಲ, ಏಡಿಯೂ ಅಪರೂಪ. ತೋಡಿನ ಆರೋಗ್ಯ ಹೇಗುಂಟು ಅಂತ ನಾವೇ ನೋಡ್ಲಿಕ್ಕೆ ಆಗ್ತದಾ?
– ಓದುಗರು, ಮುಳ್ಳೇರಿಯ

ಉತ್ತರ: ಖಂಡಿತ ಆಗ್ತದೆ. ರಿಪೋರ್ಟ್ ಸುಳ್ಳಲ್ಲ, ಆದ್ರೆ ಅದು ಬಾಟ್ಲಿ ತುಂಬಿಸಿದ ಆ ಹೊತ್ತಿನ ನೀರಿನ ಲೆಕ್ಕ ಮಾತ್ರ, ನಿನ್ನೆ ಮೇಲಿನ ತೋಟದಿಂದ ಏನಾದ್ರೂ ಹರಿದು ಹೋಗಿದ್ರೆ ಇವತ್ತು ಅದರ ಸುಳಿವೇ ಇರ್ಲಿಕ್ಕಿಲ್ಲ. ಮನೆ ನೀರಿನ ಮಾಮೂಲಿ ಟೆಸ್ಟಲ್ಲಿ ಕೀಟನಾಶಕ ನೋಡೋದೂ ಇಲ್ಲ, ಬೇರೆ ಕೇಳಿ ಮಾಡಿಸ್ಬೇಕು. ತಿಳಿನೀರು ಅಂದ್ರೆ ಒಳ್ಳೆ ನೀರು ಅಂತ ನಂಬಬಾರ್ದು ಅನ್ನೋದನ್ನ ನಮ್ಮ ಕಾಸರಗೋಡು ಜಿಲ್ಲೆಯವ್ರಿಗೆ ಯಾರೂ ಕಲಿಸ್ಬೇಕಾಗಿಲ್ಲ, 2000ದವರೆಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೇರುತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ್ರಲ್ಲ, ಮೀನಿಗೆ ಅದು ಘೋರ ವಿಷ, ನೀರಿನ ಬಣ್ಣ ನೋಡಿದ್ರೆ ಗೊತ್ತಾಗುವಂಥದ್ದಲ್ಲ.

ಹಾಗಾಗಿ ನೀರನ್ನಲ್ಲ, ನೀರೊಳಗೆ ಬದುಕುವವರನ್ನ ನೋಡ್ಬೇಕು. ಮಳೆ ಬಿಟ್ಟು ತೋಡು ಇಳಿದ ಮೇಲೆ, ನೀರು ನಿಲ್ಲಿಸ್ಲಿಕ್ಕೆ ಅಡ್ಡ ಕಟ್ಟ ಹಾಕುವ ಮೊದ್ಲು ಹೋಗಿ. ನೀರು ಕಲ್ಲಿನ ಮೇಲೆ ಸದ್ದು ಮಾಡ್ತಾ ಓಡುವ, ಮೊಣಕಾಲಿಗಿಂತ ಕಮ್ಮಿ ಆಳದ ಜಾಗ ಆರಿಸಿ. ಇಬ್ಬರು ಕೆಳಗಡೆ ಹಳೇ ಸೊಳ್ಳೆಪರದೆಯನ್ನೋ ತೆಳು ಬೈರಾಸನ್ನೋ ಅಡ್ಡ ಹಿಡಿಯಿರಿ, ಒಬ್ಬರು ಮೇಲ್ಗಡೆ ನಿಂತು ಕಾಲಿನಿಂದ ಕಲ್ಲು ಕೆದಕಲಿ. ಬಟ್ಟೆಗೆ ಬಂದದ್ದನ್ನ ನೀರಿರುವ ಬಿಳಿ ಬೇಸಿನ್‌ಗೆ ಹಾಕಿ ಒಂದು ಗಳಿಗೆ ಸುಮ್ನೆ ನೋಡಿ, ಕಸ ಅಂದ್ಕೊಂಡದ್ದು ನಡೀಲಿಕ್ಕೆ ಶುರು ಮಾಡ್ತದೆ.

ಚಪ್ಪಟೆ ಮೈ, ಹಿಂದೆ ಸಾಮಾನ್ಯವಾಗಿ ಮೂರು ಬಾಲ, ಹೊಟ್ಟೆಯ ಎರಡೂ ಬದಿ ಅಲ್ಲಾಡ್ತಾ ಇರುವ ಕಿವಿರು ಕಂಡ್ರೆ ಅದು ಮೇಫ್ಲೈ ಅನ್ನುವ ಹಾರುವ ಕೀಟದ ಮರಿ. ಎರಡೇ ಬಾಲ, ಪ್ರತಿ ಕಾಲಿನ ತುದಿಗೆ ಎರಡು ಉಗುರು, ಹೊಟ್ಟೆ ಬದಿ ಕಿವಿರು ಇಲ್ಲ ಅಂದ್ರೆ ಸ್ಟೋನ್‌ಫ್ಲೈ. ಮರಳಿನ ಕಣ, ಎಲೆಚೂರು ಅಂಟಿಸಿ ಗೂಡು ಮಾಡ್ಕೊಂಡು ಅದನ್ನೇ ಎಳೀತಾ ಹೋಗೋದು ಕ್ಯಾಡಿಸ್. ಈ ಮೂರೂ ಬಗೆಯವಕ್ಕೆ ಆಮ್ಲಜನಕ ಚೆನ್ನಾಗಿರ್ಬೇಕು, ವಾರಗಟ್ಟಲೆ, ಕೆಲವು ತಿಂಗಳುಗಟ್ಟಲೆ ನೀರಲ್ಲೇ ಇರೋದ್ರಿಂದ ನಡುವೆ ಒಂದು ದಿನ ವಿಷ ಬಂದ್ರೂ ಲೆಕ್ಕ ತಪ್ಪಲ್ಲ. ಇವು ಬೇರೆ ಬೇರೆ ಥರದವು ಸಿಕ್ಕಿದ್ರೆ ತೋಡು ಗಟ್ಟಿ ಉಂಟು. ಬರೀ ಕೆಂಪು ಸಪೂರ ಹುಳ ರಾಶಿ ಇದ್ರೆ ಕೊಳಕು ಸೇರ್ತಾ ಉಂಟು, ಆಮ್ಲಜನಕ ಕಮ್ಮಿ ಇದ್ರೂ ಅವು ಬದುಕ್ತವೆ, ಮೈಯಲ್ಲಿ ಹಿಮೋಗ್ಲೋಬಿನ್ ಉಂಟು, ಕೆಂಪು ಅದರದ್ದೇ. ಒಂದೆರಡು ಇದ್ರೆ ಹೆದರ್ಬೇಡಿ.

ಮೇಲೆ ಓಡಾಡುವ ನೀರುಜೇಡ ಕಂಡು ಸಮಾಧಾನ ಪಟ್ಕೊಳ್ಳೋದೂ ಬೇಡ, ಅದು ಉಸಿರಾಡೋದು ಹೊರಗಿನ ಗಾಳಿ. ಮುಗುಡು, ಮಡೆಂಜಿ ಮೀನುಗಳೂ ಹಾಗೆಯೇ, ನೀರು ಕೆಟ್ರೂ ತಡ್ಕೊಳ್ತವೆ. ಕಟ್ಟದ ಹಿಂದೆ ನಿಂತ ನೀರಲ್ಲಿ ಹುಳಗಳೇ ಬೇರೆ, ಅಲ್ಲಿ ಮೇಫ್ಲೈ ಕಮ್ಮಿ ಅಂತ ಬೇಜಾರು ಬೇಡ.

ನೀವು ಮಾಡ್ಲೇಬೇಕಾದ ಒಂದು ಕೆಲ್ಸ ಅಂದ್ರೆ ನಿಮ್ಮ ತೋಟಕ್ಕಿಂತ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಹೀಗೇ ನೋಡೋದು. ಎರಡೂ ಕಡೆ ಇಲ್ಲ ಅಂದ್ರೆ ಕಾರಣ ಮೇಲೆಲ್ಲೋ ಉಂಟು. ಮೇಲೆ ಇದ್ದು ಕೆಳಗೆ ಇಲ್ಲ ಅಂದ್ರೆ ನಡುವಿನ ತೋಟಗಳನ್ನೇ ನೋಡ್ಬೇಕು, ನನಗೆ ಮೊದಲ ಅನುಮಾನ ಬೋರ್ಡೋ ದ್ರಾವಣದ ಮೇಲೆ. ಕೊಳೆರೋಗಕ್ಕೆ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು ಹಾಕ್ತೇವೆ, ಅದು ತಾಮ್ರ. ಸಿಂಪಡಣೆ ಮುಗಿದ ಮೇಲೆ ಡ್ರಮ್ಮು, ಪಂಪು ಎಲ್ಲ ತೋಡಿನಲ್ಲೇ ತೊಳೆಯುವವರು ಇದ್ದಾರೆ, ದಯವಿಟ್ಟು ತೊಳೀಬೇಡಿ, ಕೆಲ್ಸದವ್ರಿಗೂ ಹೇಳಿ. ತಾಮ್ರ ತಳದ ಕೆಸರಲ್ಲಿ ಉಳೀತದೆ. ನಮ್ಮ ಮುರಕಲ್ಲಿನ ನೆಲದ ನೀರು ಮೆದು, ಸ್ವಭಾವದಲ್ಲೇ ಸ್ವಲ್ಪ ಹುಳಿ, ಇಂಥ ನೀರಲ್ಲಿ ತಾಮ್ರದ ವಿಷ ಇನ್ನೂ ಜೋರು. ಗಡಸುತನ ಕಮ್ಮಿ ಅಂತ ರಿಪೋರ್ಟ್ ನೋಡಿ ನಾವು ಖುಷಿಪಡ್ತೇವೆ, ಮೀನಿಗೆ ಅದೇ ಕಷ್ಟ. ಬ್ಲೀಚಿಂಗ್ ಪೌಡರ್ ಹಾಕಿ ಮೀನು ಹಿಡಿಯೋರು ಆ ಕಡೆ ಉಂಟಾ ಅಂತಲೂ ವಿಚಾರಿಸಿ, ಒಂದು ಸಲ ಹಾಕಿದ್ರೆ ಸಣ್ಣ ಮರಿಗಳೂ ಸೇರಿ ಎಲ್ಲ ಸಾಯ್ತವೆ.

ಆಮ್ಲಜನಕ ಅಳೆಯೋದಿದ್ರೆ ಕಿಟ್ ತಗೊಂಡು ತೋಡಿನ ಬದಿಯಲ್ಲೇ, ಬೆಳಕು ಹರಿಯುವ ಹೊತ್ತಿಗೆ ಅಳೆಯಿರಿ, ಆಗಲೇ ಅದು ತೀರಾ ಕಮ್ಮಿ ಇರೋದು. ಮೀನಿಗೆ ಲೀಟರಿಗೆ 4 ಮಿಲಿಗ್ರಾಮಾದ್ರೂ ಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕ. ನೋಡಿ ಆದ ಮೇಲೆ ಹುಳಗಳನ್ನ ವಾಪಸ್ ನೀರಿಗೆ ಬಿಡಿ.

ಪ್ರಶ್ನೆ: ತೋಡಿನ ಬದಿ ಕುಸೀತಾ ಉಂಟು. ಪೊದೆ ಕಡಿದು ಸಿಮೆಂಟ್ ಗೋಡೆ ಕಟ್ಟಿದ್ರೆ ತೊಂದರೆ ಉಂಟಾ?
– ಓದುಗರು, ಬಾಯಾರು

ಉತ್ತರ: ಉಂಟು. ಪೊದೆಯ ಉದುರೆಲೆಯೇ ಸಣ್ಣ ತೋಡಿನ ಹುಳಗಳಿಗೆ ಮುಖ್ಯ ಊಟ, ನೆರಳು ಹೋದ್ರೆ ನೀರು ಬಿಸಿಯಾಗ್ತದೆ, ಬಿಸಿ ನೀರಲ್ಲಿ ಆಮ್ಲಜನಕ ನಿಲ್ಲೋದೂ ಕಮ್ಮಿ. ಕುಸಿಯುವ ಜಾಗಕ್ಕೆ ಮಾತ್ರ ಸಿಮೆಂಟ್ ಇಲ್ಲದೆ ಕಾಡುಕಲ್ಲು ಜೋಡಿಸಿ, ಸಂದಿಯಲ್ಲಿ ಏಡಿಗೆ ಜಾಗ ಸಿಗ್ತದೆ. ಉಳಿದ ಕಡೆ ಮೂಡೆ ಕಟ್ಟುವ ಮುಂಡೇವು (ಕೇದಗೆ ಜಾತಿಯ ಗಿಡ) ನೆಡಿ, ಬೇರು ಮಣ್ಣನ್ನ ಚೆನ್ನಾಗಿ ಹಿಡೀತದೆ. ತಳಕ್ಕೆ ಮಾತ್ರ ಯಾರು ಹೇಳಿದ್ರೂ ಕಾಂಕ್ರೀಟ್ ಹಾಕ್ಬೇಡಿ.