ಸಣ್ಣ ಮೈಕ್ರೊಕಂಟ್ರೋಲರ್‌ನಲ್ಲಿ ಫ್ಲೋಟ್ ಬಿಟ್ಟು ಫಿಕ್ಸೆಡ್ ಪಾಯಿಂಟ್ ಬಳಸಬೇಕೇ?

ಎಂಟು ಬಿಟ್‌ನ ಎವಿಆರ್ ಚಿಪ್‌ಗೆ ಡಿಎಸ್18ಬಿ20 ತಾಪಮಾನ ಸೆನ್ಸರ್ ಜೋಡಿಸಿದ್ದೀರಿ. ಅದರ ಏರಿಳಿತವನ್ನು ಫ್ಲೋಟ್ (ಬಿಂದುವಿನ ಜಾಗ ಬದಲಾಗಬಲ್ಲ ದಶಮಾಂಶ ಸಂಖ್ಯೆ) ಬಳಸಿ ಸರಾಸರಿ ಮಾಡುತ್ತಿದ್ದೀರಿ, ಪ್ರೋಗ್ರಾಂ ಅದನ್ನಿಡುವ ಮೆಮೊರಿಯಾದ ಫ್ಲ್ಯಾಶ್‌ನಲ್ಲಿ ಹಿಡಿಸುತ್ತಿಲ್ಲ. ಫಿಕ್ಸೆಡ್ ಪಾಯಿಂಟ್‌ಗೆ, ಅಂದರೆ ಭಿನ್ನರಾಶಿಯನ್ನು ಒಂದು ನಿಗದಿತ ಸಣ್ಣ ಭಾಗದ ಪೂರ್ಣಾಂಕ ಎಣಿಕೆಯಾಗಿ ಇಟ್ಟುಕೊಳ್ಳುವ ವಿಧಾನಕ್ಕೆ, ಹೋಗಬೇಕೇ ಎಂಬುದು ನಿಮ್ಮ ಪ್ರಶ್ನೆ.

ಹೋಗಿ. ಹಾಗೆ ನೋಡಿದರೆ ನೀವು ಈಗಾಗಲೇ ಅಲ್ಲೇ ಇದ್ದೀರಿ. ಆ ಸೆನ್ಸರ್ ಕಳುಹಿಸುವುದೇ ಫಿಕ್ಸೆಡ್ ಪಾಯಿಂಟ್ ಸಂಖ್ಯೆಯನ್ನು: 12 ಬಿಟ್ ರೆಸಲ್ಯೂಷನ್‌ನಲ್ಲಿ ಒಂದು ಎಣಿಕೆ ಎಂದರೆ ಡಿಗ್ರಿಯ 16ನೇ ಒಂದು ಭಾಗ. 401 ಬಂದರೆ 25.0625 ಡಿಗ್ರಿ. ಅದನ್ನು 16ರಿಂದ ಭಾಗಿಸಿ ಫ್ಲೋಟ್ ಮಾಡುವುದೇ ಇಲ್ಲದ ಕೆಲಸವನ್ನು ಮೈಮೇಲೆ ಎಳೆದುಕೊಂಡಂತೆ. ಈ ಚಿಪ್‌ಗಳಲ್ಲಿ ಫ್ಲೋಟ್‌ಗೆ ಹಾರ್ಡ್‌ವೇರ್ ಇಲ್ಲ. ಎರಡು ಫ್ಲೋಟ್‌ಗಳನ್ನು ಕೂಡಿಸಲೂ ಲೈಬ್ರರಿಯ ಒಂದು ಇಡೀ ರೊಟೀನ್ ಒಳಗೆ ಬಂದು ಕೂರುತ್ತದೆ.

ವೇಗಕ್ಕಾಗಿ ಬದಲಾಯಿಸುತ್ತೇನೆ ಎಂದು ಮಾತ್ರ ಹೇಳಬೇಡಿ. ಒಂದು ಅಳತೆ ಮುಗಿಸಲು ಆ ಸೆನ್ಸರ್ 750 ಮಿಲಿಸೆಕೆಂಡ್‌ವರೆಗೂ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ಫ್ಲೋಟ್ ಲೆಕ್ಕ ಸಾವಿರಾರು ಸಲ ಮುಗಿದಿರುತ್ತದೆ. ನಿಮಗೆ ಉಳಿಯುವುದು ಜಾಗ.

ಈಗ ಸರಾಸರಿಯ ವಿಷಯ. ಇಲ್ಲಿ ನಾನೇ ಎಡವಿದ್ದೇನೆ. ಹೊಸ ಓದಿಕೆಯಿಂದ ಹಳೆಯ ಸರಾಸರಿಯನ್ನು ಕಳೆದು, ಬಂದದ್ದನ್ನು ನಾಲ್ಕು ಬಿಟ್ ಬಲಕ್ಕೆ ಸರಿಸಿ (ಶಿಫ್ಟ್; ಅಂದರೆ 16ರಿಂದ ಭಾಗಿಸಿ ಕೆಳಗಿನ ಪೂರ್ಣಾಂಕಕ್ಕೆ ಇಳಿಸಿ), ಸರಾಸರಿಗೆ ಕೂಡಿಸುತ್ತಿದ್ದೆ. ತಾಪ ಏರುವಾಗ ಸರಾಸರಿ ಹೆಚ್ಚುಕಡಿಮೆ ಒಂದು ಡಿಗ್ರಿ ಕೆಳಗೇ ನಿಂತುಬಿಡುತ್ತಿತ್ತು. ಇಳಿಯುವಾಗ ಮಾತ್ರ ಕರಾರುವಾಕ್ಕಾಗಿ ತಲುಪುತ್ತಿತ್ತು! ಎರಡು ದಿನ ಸೆನ್ಸರ್ ಮೇಲೆ, ಆಮೇಲೆ ವೈರ್ ಮೇಲೆ ಅನುಮಾನಪಟ್ಟೆ. ತಪ್ಪು ಶಿಫ್ಟ್‌ನಲ್ಲಿತ್ತು. ವ್ಯತ್ಯಾಸ 1ರಿಂದ 15ರೊಳಗೆ ಇದ್ದರೆ ಬಲಕ್ಕೆ ಸರಿಸಿದಾಗ ಉಳಿಯುವುದು ಸೊನ್ನೆ, ಹಾಗಾಗಿ ಸರಾಸರಿ ಕದಲುವುದಿಲ್ಲ. ಋಣ ಸಂಖ್ಯೆ ಹಾಗಲ್ಲ: −1ನ್ನು ಎಷ್ಟು ಸರಿಸಿದರೂ −1 ಆಗಿಯೇ ಇರುತ್ತದೆ, ಆದ್ದರಿಂದ ಕೆಳಮುಖದ ದಾರಿ ತೆರೆದಿರುತ್ತದೆ.

ಪರಿಹಾರ ಸುಲಭ. ಸರಾಸರಿಯನ್ನಲ್ಲ, ಅದರ 16 ಪಟ್ಟನ್ನು ನೆನಪಿಟ್ಟುಕೊಳ್ಳಿ. ಪ್ರತಿ ಸಲ ಆ ಮೊತ್ತದ 16ನೇ ಒಂದು ಭಾಗವನ್ನು ಕಳೆದು ಹೊಸ ಓದಿಕೆಯನ್ನು ಕೂಡಿಸಿ. ಬಿಟ್‌ಗಳನ್ನು ಬಿಸಾಡುವುದು ಓದಿ ತೋರಿಸುವಾಗ ಮಾತ್ರ.

ಹಾಗಾದರೆ ಮೊತ್ತ 16 ಬಿಟ್‌ನಲ್ಲಿ ಹಿಡಿಸುತ್ತದೆಯೇ? ಫಿಕ್ಸೆಡ್ ಪಾಯಿಂಟ್‌ನಲ್ಲಿ ತಲೆ ಖರ್ಚಾಗುವುದು ಇಂಥ ಪ್ರಶ್ನೆಗೇ, ಫ್ಲೋಟ್ ಬಳಸುವವರು ಇದನ್ನು ಕೇಳಿಕೊಳ್ಳುವುದೇ ಇಲ್ಲ. ಸೆನ್ಸರ್‌ನ ಗರಿಷ್ಠ 125 ಡಿಗ್ರಿ, ಅಂದರೆ 2000 ಎಣಿಕೆ. ಅದರ 16 ಪಟ್ಟು 32000. ಋಣ ಸಂಖ್ಯೆಗೂ ಜಾಗವಿರುವ 16 ಬಿಟ್‌ನ ಮಿತಿ 32767. ಕೂದಲೆಳೆಯಲ್ಲಿ ಪಾರು. ಇನ್ನಷ್ಟು ನಯವಾಗಲಿ ಎಂದು 16ರ ಬದಲು 32 ಹಾಕಿದರೆ 64 ಡಿಗ್ರಿಯ ಹೊತ್ತಿಗೆ ಮೊತ್ತ ಉಕ್ಕಿ ಋಣ ಸಂಖ್ಯೆಯಾಗುತ್ತದೆ, ಕೋಣೆಯ ತಾಪದಲ್ಲಿ ಪರೀಕ್ಷಿಸುವ ನಿಮಗೆ ಅದು ಗೊತ್ತೇ ಆಗುವುದಿಲ್ಲ. 32 ಬಿಟ್‌ಗೆ ಹೋದರೆ ಎರಡು ಬೈಟ್ ಹೆಚ್ಚು, ಅಷ್ಟೇ. ಅನುಮಾನವಿದ್ದರೆ ಹೋಗಿಬಿಡಿ.

ತಿದ್ದುಪಡಿಗೆಂದು 1.02ರಿಂದ ಗುಣಿಸಬೇಕಿದ್ದರೆ 261ರಿಂದ ಗುಣಿಸಿ 256ರಿಂದ ಭಾಗಿಸಿ. ಗುಣಿಸುವ ಮೊದಲೇ ಸಂಖ್ಯೆಯನ್ನು 32 ಬಿಟ್‌ಗೆ ಹಿಗ್ಗಿಸಿ. ಎವಿಆರ್ ಕಂಪೈಲರ್‌ನಲ್ಲಿ ಸಾಮಾನ್ಯ ಪೂರ್ಣಾಂಕ 16 ಬಿಟ್‌ನದ್ದು. ಉತ್ತರವನ್ನು ಮಾತ್ರ ದೊಡ್ಡ ವೇರಿಯಬಲ್‌ಗೆ ಹಾಕಿದರೆ ಉಪಯೋಗವಿಲ್ಲ, ಅಷ್ಟರಲ್ಲಿ ಲೆಕ್ಕ ಕೆಟ್ಟಿರುತ್ತದೆ.

ಪರದೆಗೆ ಬರೆಯುವಾಗ 10ರಿಂದ ಗುಣಿಸಿ 16ರಿಂದ ಭಾಗಿಸಿದರೆ ಡಿಗ್ರಿಯ ಹತ್ತನೇ ಭಾಗಗಳು ಸಿಗುತ್ತವೆ. ಅದನ್ನು ಮತ್ತೆ 10ರಿಂದ ಭಾಗಿಸಿ ಬಿಂದುವಿನ ಎಡಕ್ಕೆ ಭಾಗಲಬ್ಧ, ಬಲಕ್ಕೆ ಶೇಷ ಬರೆಯಿರಿ. ಮೈನಸ್ ಚಿಹ್ನೆಯನ್ನು ಮೊದಲೇ ಬೇರೆಯಾಗಿ ತೆಗೆದಿಡಿ, ಇಲ್ಲದಿದ್ದರೆ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗಿಳಿದ ದಿನ ಪರದೆಯ ಮೇಲೆ 0.-5 ಎಂದು ಕಾಣಿಸುತ್ತದೆ.