ಆಲ್ಬಂ ಪೂರ್ತಿ ಕೇಳಬೇಕೆ, ಆಯ್ದು ಕೇಳಬಹುದೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಭಾವಗೀತೆ, ದಾಸರ ಪದ, ಶಾಸ್ತ್ರೀಯ ಸಂಗೀತ, ಒಂದಷ್ಟು ಚಿತ್ರಗೀತೆ ಎಂದು ಮೂವತ್ತು ವರ್ಷ ಕೂಡಿಟ್ಟ ಕ್ಯಾಸೆಟ್‌ಗಳು ಮನೆಯಲ್ಲಿವೆ. ಒಂದು ಕ್ಯಾಸೆಟ್ ಹಾಕಿದರೆ ಎರಡೂ ಬದಿ ಮುಗಿಯುವವರೆಗೆ ಕೇಳುವುದು ನನ್ನ ರೂಢಿಯಾಗಿತ್ತು. ಟೇಪ್ ರೆಕಾರ್ಡರ್ ಕೆಟ್ಟ ಮೇಲೆ ಮಗ ನನ್ನ ಮೊಬೈಲಿನಲ್ಲಿ ಸುಮಾರು ನಾನೂರು ಹಾಡುಗಳ ಪ್ಲೇಲಿಸ್ಟ್ ಮಾಡಿಕೊಟ್ಟಿದ್ದಾನೆ. ಎಲ್ಲವೂ ನನಗೆ ಇಷ್ಟವಾದ ಹಾಡುಗಳೇ. ಆದರೂ ಮೊದಲಿನ ತೃಪ್ತಿ ಸಿಗುತ್ತಿಲ್ಲ. ‘ಈಗ ಯಾರಮ್ಮ ಪೂರ್ತಿ ಆಲ್ಬಂ ಕೇಳುತ್ತಾರೆ’ ಎನ್ನುತ್ತಾನೆ ಮಗ. ನನ್ನದು ಬರೀ ಹಳೆಯ ಅಭ್ಯಾಸವೆ?
– ಓದುಗರೊಬ್ಬರು, ಸಾಗರ

ಉತ್ತರ: ಬರೀ ಅಭ್ಯಾಸವಲ್ಲ. ಆದರೆ ನಿಮ್ಮ ಕಪಾಟಿನ ಎಲ್ಲ ಕ್ಯಾಸೆಟ್‌ಗಳಿಗೂ ಒಂದೇ ಮಾತು ಹೊಂದುವುದಿಲ್ಲ. ಕೆಲವನ್ನು ಬಿಡಿಸಿದರೆ ಏನೂ ನಷ್ಟವಿಲ್ಲ, ಕೆಲವನ್ನು ಬಿಡಿಸಿದರೆ ಹಾಡೇ ಕೆಡುತ್ತದೆ. ಹಾಡುಗಳನ್ನು ಆ ಕ್ರಮದಲ್ಲಿ ಇಟ್ಟವರು ಯಾರು, ಯಾವ ಕಾರಣಕ್ಕೆ ಇಟ್ಟರು ಎಂಬುದನ್ನು ನೋಡಿದರೆ ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂಬುದು ತಿಳಿಯುತ್ತದೆ.

ಮೊದಲು ನಿಮ್ಮ ಮಗನ ಪರವಾಗಿ ಒಂದು ಮಾತು. ಧ್ವನಿಮುದ್ರಣದ ಚರಿತ್ರೆಯಲ್ಲಿ ಬಿಡಿ ಹಾಡೇ ಮೊದಲು ಬಂದದ್ದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ತಟ್ಟೆಗಾಗಿ ಹಾಡಿದಾಗ ಸಿಗುತ್ತಿದ್ದ ಅವಕಾಶ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಹಾಡಬಲ್ಲ ಗಾಯಕಿ ಅಷ್ಟರೊಳಗೆ ರಾಗದ ಮುಖ ತೋರಿಸಿ, ಕೊನೆಯಲ್ಲಿ ತಮ್ಮ ಹೆಸರನ್ನೂ ಹೇಳಿ ಮುಗಿಸಬೇಕಾಗಿತ್ತು. ಮೈಸೂರು ಅರಮನೆಯ ಆಶ್ರಯದಲ್ಲಿ ಕೊನೆಯ ದಿನಗಳನ್ನು ಕಳೆದು 1930ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡ ಆ ಕಲಾವಿದೆಯ ಕಾಲದಲ್ಲಿ ನಾವು ಇಂದು ಹೇಳುವ ಅರ್ಥದ ಆಲ್ಬಂ ಇರಲಿಲ್ಲ. ಇಂಥ ತಟ್ಟೆಗಳನ್ನು ಫೋಟೋ ಆಲ್ಬಮ್ಮಿನಂತೆ ರಟ್ಟು ಕಟ್ಟಿದ ಲಕೋಟೆಗಳ ಪುಸ್ತಕದಲ್ಲಿ ಜೋಡಿಸಿ ಇಡುತ್ತಿದ್ದುದರಿಂದ ಆ ಹೆಸರು ಬಂತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುವ ಎಲ್‌ಪಿ ತಟ್ಟೆಯನ್ನು ತಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಜಾಗ ಸಿಕ್ಕಿತು. ಹಾಡುಗಳನ್ನು ಒಂದಾದ ಮೇಲೊಂದು ಹೇಗೆ ಇಡಬೇಕು ಎಂದು ಕಲಾವಿದರು ಯೋಚಿಸುವಂತಾದದ್ದು ಆಮೇಲೆ. ಆದ್ದರಿಂದ ಆಯ್ದು ಕೇಳುವವರನ್ನು ಸಂಪ್ರದಾಯ ಮುರಿದವರೆಂದು ದೂರಬೇಕಾಗಿಲ್ಲ.

ಇನ್ನು ನಿಮ್ಮ ಚಿತ್ರಗೀತೆಗಳ ಕ್ಯಾಸೆಟ್‌ಗಳು. ಚಿತ್ರದ ಹಾಡು ಹುಟ್ಟುವುದು ಒಂದು ಸನ್ನಿವೇಶಕ್ಕಾಗಿ. ಕ್ಯಾಸೆಟ್ಟಿನಲ್ಲಿ ಅದು ಎಷ್ಟನೆಯ ಹಾಡಾಗಿ ಬರಬೇಕೆಂಬುದನ್ನು ಬಹುಮಟ್ಟಿಗೆ ಮಾರಾಟ ಮಾಡುವವರು ತೀರ್ಮಾನಿಸುತ್ತಿದ್ದರು. ಎ ಬದಿಗೆ ಒಂದು ಚಿತ್ರ, ಬಿ ಬದಿಗೆ ಸಂಬಂಧವೇ ಇಲ್ಲದ ಮತ್ತೊಂದು ಚಿತ್ರ ತುಂಬಿದ ಕ್ಯಾಸೆಟ್‌ಗಳು ನಿಮ್ಮಲ್ಲೂ ಇರಬಹುದು. ಅವುಗಳಿಂದ ಬೇಕಾದ ಹಾಡನ್ನು ಎತ್ತಿಕೊಂಡರೆ ಯಾರ ಶ್ರಮಕ್ಕೂ ಅಪಚಾರವಾಗುವುದಿಲ್ಲ.

ಶಾಸ್ತ್ರೀಯ ಸಂಗೀತದ ಮಾತು ಬೇರೆ. ನಿಮ್ಮ ಅತೃಪ್ತಿಯ ಬೇರು ಬಹುಶಃ ಇಲ್ಲಿದೆ. ಹಿಂದುಸ್ತಾನಿ ಸಂಗೀತದ ಒಂದು ಖ್ಯಾಲ್ ಗಾಯನವನ್ನೇ ನೋಡಿ. ಗಾಯಕರು ವಿಲಂಬಿತ, ಅಂದರೆ ನಿಧಾನಗತಿಯ ಏಕತಾಲದಲ್ಲಿ ಯಮನ್ ರಾಗವನ್ನು ಎತ್ತಿಕೊಂಡರೆ ಕೆಳಗಿನ ಸ್ವರಗಳ ಮಂದ್ರ ಸಪ್ತಕದಲ್ಲಿ ಸ್ವಲ್ಪ ಹೊತ್ತು ನಿಂತು, ಒಂದೊಂದೇ ಸ್ವರಕ್ಕೆ ಬೆಳೆಸುತ್ತ ಮೇಲೇರುತ್ತಾರೆ. ಮೇಲಿನ ‘ಸ’ ಸ್ವರವಾದ ತಾರ ಷಡ್ಜವನ್ನು ಮುಟ್ಟಲು ಹತ್ತು ಹದಿನೈದು ನಿಮಿಷವಾದರೂ ಆಗಬಹುದು. ಅಷ್ಟು ಹೊತ್ತು ಕಾದ ಕಿವಿಗೆ ಮುಂದೆ ಬರುವ ದ್ರುತ, ಅಂದರೆ ವೇಗದ ತೀನ್‌ತಾಲದ ಬಂದಿಶ್ ಎಂಬ ರಚನೆ ಕಟ್ಟೆಯೊಡೆದ ನೀರಿನಂತೆ ಕೇಳಿಸುತ್ತದೆ. ಈಗ ಮೊಬೈಲಿಗೆ ಬನ್ನಿ. ಅಲ್ಲಿ ಈ ವಿಲಂಬಿತ ಮತ್ತು ದ್ರುತ ಎರಡು ಬೇರೆ ಬೇರೆ ಟ್ರ್ಯಾಕುಗಳಾಗಿ ಇರುವುದುಂಟು. ಹಾಡುಗಳನ್ನು ಕಲಸಿ ನುಡಿಸುವ ಷಫಲ್ ಗುಂಡಿ ಒತ್ತಿರುವಾಗ ದ್ರುತ ಭಾಗವೊಂದೇ ಎರಡು ಭಾವಗೀತೆಗಳ ನಡುವೆ ಬಂದು ಆರು ನಿಮಿಷದಲ್ಲಿ ಮುಗಿದುಹೋಗುತ್ತದೆ. ಸ್ವರ ಅದೇ, ಕಂಠ ಅದೇ, ಆದರೆ ಹಿಂದಿನ ಕಾಯುವಿಕೆ ಇಲ್ಲದ್ದರಿಂದ ಅದು ಬರೀ ವೇಗವಾಗಿ ಉಳಿಯುತ್ತದೆ. ಕರ್ನಾಟಕ ಸಂಗೀತದಲ್ಲಿ ರಾಗಾಲಾಪನೆ, ತಾನ, ಪಲ್ಲವಿ ಒಂದಾದ ಮೇಲೊಂದು ಬರುವ ರಾಗ ತಾನ ಪಲ್ಲವಿಗೂ ಇದೇ ಗತಿ: ಮೂರು ಟ್ರ್ಯಾಕಾಗಿ ಕತ್ತರಿಸಿ ಕಲಸಿದರೆ ಪಲ್ಲವಿ ಮೊದಲು ಬಂದು ರಾಗಾಲಾಪನೆ ಮರುದಿನ ಬರುತ್ತದೆ. ದಾಸರ ಪದಗಳಲ್ಲಿ ತಾಳವಿಲ್ಲದೆ ಹಾಡುವ ಉಗಾಭೋಗವು ಮುಂದಿನ ಕೀರ್ತನೆಗೆ ಮನಸ್ಸನ್ನೂ ಶ್ರುತಿಯನ್ನೂ ಸಿದ್ಧಮಾಡುತ್ತದೆ. ಅದು ಪ್ರತ್ಯೇಕ ಟ್ರ್ಯಾಕಾಗಿದ್ದರೆ ಬಾಗಿಲು ಒಂದು ಕಡೆ, ಮನೆ ಒಂದು ಕಡೆ ಆದಂತೆ.

ಹಾಡುಗಳ ಕ್ರಮ ಎಂಬುದು ಎಲ್‌ಪಿ ತಟ್ಟೆ ಮತ್ತು ಕ್ಯಾಸೆಟ್ಟಿಗಿಂತ ಹಳೆಯದು ಎಂಬುದನ್ನೂ ಇಲ್ಲಿಯೇ ನೆನಪಿಸಬೇಕು. ಕಳೆದ ಶತಮಾನದ ಮೊದಲ ಭಾಗದಲ್ಲಿ ಗಾಯಕ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರು ರೂಢಿಗೆ ತಂದರೆಂದು ಸಾಮಾನ್ಯವಾಗಿ ಹೇಳುವ ಕಛೇರಿ ಪದ್ಧತಿಯಲ್ಲಿ ವರ್ಣವೆಂಬ ರಚನೆಯಿಂದ ತೊಡಗಿ, ಚುರುಕಾದ ಕೃತಿಗಳಿಂದ ಕಾವೇರಿಸಿ, ವಿಸ್ತಾರವಾದ ಪ್ರಧಾನ ರಾಗಕ್ಕೆ ಬಂದು, ತಾಳವಾದ್ಯದವರು ಮಾತ್ರ ನುಡಿಸುವ ತನಿ ಆವರ್ತನದ ಬಳಿಕ ದೇವರನಾಮದಂಥ ಹಗುರವಾದ ರಚನೆಗಳಿಗೆ ಇಳಿದು, ಮಂಗಳ ಹಾಡಿ ಮುಗಿಸುತ್ತಾರೆ. ಕಛೇರಿಯ ಧ್ವನಿಮುದ್ರಣವನ್ನು ಪೂರ್ತಿ ಕೇಳುವಾಗ ಈ ಏರಿಳಿತವೂ ನಿಮ್ಮ ಅನುಭವಕ್ಕೆ ಬರುತ್ತದೆ.

ಭಾವಗೀತೆಯ ಕ್ಯಾಸೆಟ್ ಚಿತ್ರಗೀತೆ ಮತ್ತು ಶಾಸ್ತ್ರೀಯ ಸಂಗೀತಗಳ ನಡುವೆ ನಿಲ್ಲುತ್ತದೆ. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಹೆಸರಾದ ‘ನಿತ್ಯೋತ್ಸವ’ ಬಂದದ್ದು 1978ರಲ್ಲಿ, ಕವಿತೆಗಳು ಕೆ. ಎಸ್. ನಿಸಾರ್ ಅಹಮದ್ ಅವರವು, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ಅದರ ದೊಡ್ಡ ಉಪಕಾರವೆಂದರೆ, ಒಬ್ಬ ಕವಿಯ ಜೊತೆ ಒಂದು ಗಂಟೆಯಷ್ಟು ಹೊತ್ತು ಕುಳಿತು ಕೇಳುವ ರೂಢಿಯನ್ನು ನಮ್ಮ ಮನೆಗಳಿಗೆ ತಂದದ್ದು. ಆ ಶೀರ್ಷಿಕೆಯ ಹಾಡನ್ನು ನವೆಂಬರಿನಲ್ಲಿ ಶಾಲೆಯ ಮೈದಾನದಲ್ಲಿ ಕೇಳಿದವರು ಲಕ್ಷಾಂತರ ಮಂದಿ. ಅದೊಂದನ್ನೇ ಬಲ್ಲವರಿಗೆ ನಿಸಾರರು ನಾಡಿನ ಸೊಬಗನ್ನು ಹೊಗಳಿದ ಕವಿಯಾಗಿ ಮಾತ್ರ ಉಳಿಯುತ್ತಾರೆ, ಸಮಾಜವನ್ನು ವ್ಯಂಗ್ಯದಿಂದ ಚುಚ್ಚಿದ ಕವಿಯಾಗಿ ಸಿಗುವುದೇ ಇಲ್ಲ. ಕೆ. ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರ ಸಂಕಲನ. ಅದರ ಕವಿತೆಗಳಲ್ಲಿ ಗಂಡನ ಮಾತಿಗೆ ಹೆಂಡತಿಯ ಮಾತು, ತವರಿನ ನೆನಪಿಗೆ ಸಂಸಾರದ ಸಂಭ್ರಮ ಒಂದಕ್ಕೊಂದು ಉತ್ತರವಾಗಿ ಬರುತ್ತವೆ. ಅವುಗಳಲ್ಲಿ ಎರಡನ್ನು ಆರಿಸಿ ಬೇರೆ ಇಪ್ಪತ್ತು ಹಾಡುಗಳ ನಡುವೆ ಇಟ್ಟರೆ ಹಾಡು ಕೆಡುವುದಿಲ್ಲ, ಆದರೆ ಆ ಸಂಭಾಷಣೆ ತುಂಡಾಗುತ್ತದೆ. ಹಾಗಾಗಿ ಭಾವಗೀತೆಗಳನ್ನು ಧಾರಾಳವಾಗಿ ಆಯ್ದು ಕೇಳಿ. ಆದರೆ ಒಬ್ಬ ಕವಿಯ ಸಂಗ್ರಹವನ್ನು ವರ್ಷಕ್ಕೊಮ್ಮೆಯಾದರೂ ಪೂರ್ತಿ ಕೇಳಿ.

ಮಗನಿಗೆ ಹೇಳಿ ಮೂರು ಕೆಲಸ ಮಾಡಿಸಿಕೊಳ್ಳಿ. ಖ್ಯಾಲ್, ಪಲ್ಲವಿ, ಕಛೇರಿಗಳನ್ನು ಆ ನಾನೂರರ ಪಟ್ಟಿಯಿಂದ ತೆಗೆದು, ಮೂಲ ಆಲ್ಬಮ್ಮುಗಳಾಗಿಯೇ ಬೇರೆ ಇರಿಸಲಿ. ಷಫಲ್ ಅನ್ನು ನಿಲ್ಲಿಸಲಿ. ಒಂದು ಹಾಡಿನ ಬಾಲಕ್ಕೆ ಮುಂದಿನದರ ತಲೆಯನ್ನು ಬೆಸೆಯುವ ಕ್ರಾಸ್‌ಫೇಡ್ ಎಂಬ ವ್ಯವಸ್ಥೆ ಚಾಲೂ ಇದ್ದರೆ ಅದನ್ನೂ ನಿಲ್ಲಿಸಲಿ, ಏಕೆಂದರೆ ಅದು ತಂಬೂರಿಯ ಕೊನೆಯ ನಾದವನ್ನು ನುಂಗಿಬಿಡುತ್ತದೆ. ಇದು ನಿಮ್ಮೊಬ್ಬರ ತೊಂದರೆಯಲ್ಲ: 2021ರಲ್ಲಿ ಇಂಗ್ಲೆಂಡಿನ ಗಾಯಕಿ ಅಡೆಲ್, ತಾವು ಹಾಡುಗಳ ಕ್ರಮವನ್ನು ಯೋಚಿಸಿಯೇ ಇಟ್ಟಿರುತ್ತೇವೆ ಎಂದು ಕೇಳಿಕೊಂಡ ಮೇಲೆ, ಹಾಡು ಕೇಳಿಸುವ ಆ್ಯಪ್ ಆದ ಸ್ಪಾಟಿಫೈ ಆಲ್ಬಮ್ಮುಗಳ ಪುಟದಲ್ಲಿ ತಾನಾಗಿಯೇ ಕಲಸಿ ನುಡಿಸುವ ಏರ್ಪಾಟನ್ನು ಬದಲಿಸಿತು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಬಸ್ಸಿನಲ್ಲಿ ಕೇಳಲೆಂದು ತುಂಬ ಇಷ್ಟವಾದ ಹಾಡುಗಳನ್ನೇ ಹುಡುಕಿ ಪ್ಲೇಲಿಸ್ಟ್ ಮಾಡುತ್ತೇನೆ. ಒಂದೇ ತಿಂಗಳಿಗೆ ಬೇಸರ ಬರುತ್ತದೆ. ತಪ್ಪು ಎಲ್ಲಿದೆ?
– ಹುಬ್ಬಳ್ಳಿಯ ಓದುಗರೊಬ್ಬರು, ಬೆಂಗಳೂರು

ಉತ್ತರ: ‘ತುಂಬ ಇಷ್ಟವಾದ ಹಾಡುಗಳನ್ನೇ’ ಎಂದು ಬರೆದಿದ್ದೀರಿ, ತೊಡಕು ಆ ಮಾತಿನಲ್ಲಿಯೇ ಇದೆ. ಹೋಳಿಗೆಯ ಮೇಲೆ ಹೋಳಿಗೆ ಬಡಿಸುತ್ತ ಹೋದರೆ ಉಣ್ಣುವವರು ಎಷ್ಟು ಹೊತ್ತು ಕುಳಿತಾರು?

ಪಟ್ಟಿ ಮಾಡುವುದನ್ನು ನಾನು ಕಲಿತದ್ದು ನಮ್ಮೂರಿನ ಬಸ್ ನಿಲ್ದಾಣದ ಎದುರಿಗಿದ್ದ ರೆಕಾರ್ಡಿಂಗ್ ಅಂಗಡಿಯಲ್ಲಿ. ಖಾಲಿ ಕ್ಯಾಸೆಟ್ ಕೊಂಡು, ನೋಟ್‌ಬುಕ್ಕಿನ ಹಾಳೆಯಲ್ಲಿ ಹಾಡುಗಳ ಹೆಸರು ಬರೆದುಕೊಟ್ಟರೆ ಅಂಗಡಿಯವರು ವಾರದೊಳಗೆ ತುಂಬಿಸಿಕೊಡುತ್ತಿದ್ದರು. ಸಿ-60 ಎಂದರೆ ಬದಿಗೆ ಮೂವತ್ತು ನಿಮಿಷ. ನನ್ನ ಮೊದಲ ಪಟ್ಟಿಯನ್ನು ನೋಡಿದ ಅವರು, ‘ಆರನೆಯದು ಉದ್ದ ಆಯಿತು, ಅರ್ಧಕ್ಕೆ ಕಟ್ ಆಗುತ್ತದೆ; ಇಲ್ಲಿಗೆ ಎರಡೂವರೆ ನಿಮಿಷದ್ದು ಯಾವುದಾದರೂ ಹೇಳಿ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮೂರು ಗಟ್ಟಿ ದನಿಯ ಹಾಡುಗಳು ಸಾಲಾಗಿ ಬಂದಿದ್ದನ್ನು ನೋಡಿ, ನಡುವಿನದನ್ನು ಎತ್ತಿ ಬಿ ಬದಿಗೆ ಹಾಕಿದರು. ಬೇಡವೆನ್ನಲು ನನಗೆ ಧೈರ್ಯವಾಗಲಿಲ್ಲ. ಕ್ಯಾಸೆಟ್ ಮನೆಗೆ ಬಂದ ಮೇಲೆ ಅವರು ಮಾಡಿದ್ದು ಸರಿ ಎಂಬುದು ಕಿವಿಗೆ ತಿಳಿಯಿತು, ಮತ್ತು ಆ ಕ್ಯಾಸೆಟ್ ನನಗೆ ವರ್ಷಗಳ ಕಾಲ ಬೇಸರ ತರಲಿಲ್ಲ.

ನೀವೂ ಒಂದು ಗಂಟೆಯ ಮಿತಿ ಹಾಕಿಕೊಳ್ಳಿ. ಜಾಗಕ್ಕೆ ಮಿತಿ ಇಲ್ಲದ್ದರಿಂದಲೇ ಇಂದಿನ ಪಟ್ಟಿಗಳು ಕಣಜದಂತೆ ಬೆಳೆಯುತ್ತವೆ. ಬೆಳೆದ ಪಟ್ಟಿಯಲ್ಲಿ ಯಾವ ಹಾಡಿಗೂ ನೆರೆಹೊರೆ ಎಂಬುದು ಇರುವುದಿಲ್ಲ. ಅಕ್ಕಪಕ್ಕದ ಹಾಡುಗಳ ಶ್ರುತಿಯನ್ನು ಗಮನಿಸಿ: ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದರಲ್ಲಿ ಹಾಡಿದ ಗಂಡು ದನಿಯ ಬೆನ್ನಿಗೇ ಕಪ್ಪು ನಾಲ್ಕರ ಹೆಣ್ಣು ದನಿ ಬಂದಾಗ ಕಿವಿ ಒಮ್ಮೆ ಕುಲುಕುತ್ತದೆ. ಅದು ಕೆಲವೆಡೆ ಬೇಕು, ಎಲ್ಲೆಡೆ ಬೇಡ. ನಡುವೆ ಒಂದು ವಾದ್ಯ ಸಂಗೀತದ ತುಣುಕು ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ, ಹಾಡು ಆರಿಸುವ ಮೊದಲು ಅದು ಇರುವ ಆಲ್ಬಮ್ಮನ್ನು ಎರಡು ಸಲ ಪೂರ್ತಿ ಕೇಳಿ, ಮೊದಲ ಸಲ ಹಿಡಿಸದೆ ಎರಡನೆಯ ಸಲ ಹಿಡಿಸಿದ ಹಾಡನ್ನು ಪಟ್ಟಿಗೆ ಸೇರಿಸಿ. ಬೇಗ ಹತ್ತಿರವಾಗದ ಇಂಥ ಹಾಡುಗಳೇ ಹೆಚ್ಚು ಕಾಲ ಉಳಿಯುತ್ತವೆಂಬುದು ನನ್ನ ಅನುಭವ. ಮೊಬೈಲ್ ತಾನೇ ಸೂಚಿಸುವ ಪಟ್ಟಿಗಳು ನೀವು ಈಗಾಗಲೇ ಕೇಳಿದ್ದನ್ನೂ ನಿಮ್ಮಂಥ ಕೇಳುಗರು ಕೇಳಿದ್ದನ್ನೂ ಆಧರಿಸಿರುತ್ತವೆ. ನೀವು ಅರ್ಧಕ್ಕೇ ದಾಟಿಸಿದ ಹಾಡಿಗೆ ಅಲ್ಲಿ ಎರಡನೆಯ ಅವಕಾಶ ಸಿಗುವುದು ಕಡಿಮೆ.

ಪ್ರಶ್ನೆ: ತೀರಿಕೊಂಡ ನಮ್ಮ ತಂದೆಯವರು 1980ರ ದಶಕದಲ್ಲಿ ತಮಗೆ ಬೇಕಾದ ಹಾಡುಗಳನ್ನು ಆರಿಸಿ ತುಂಬಿಸಿಕೊಂಡಿದ್ದ ಹನ್ನೊಂದು ಕ್ಯಾಸೆಟ್‌ಗಳಿವೆ. ಕಂಪ್ಯೂಟರಿಗೆ ಇಳಿಸಬೇಕೆಂದಿದ್ದೇನೆ. ಆ ಹಾಡುಗಳೆಲ್ಲ ಇಂಟರ್‌ನೆಟ್ಟಿನಲ್ಲಿ ಇನ್ನೂ ಸ್ವಚ್ಛವಾಗಿ ಸಿಗುತ್ತವೆ ಎಂದು ತಮ್ಮ ಹೇಳುತ್ತಾನೆ. ಶ್ರಮ ಪಡಬೇಕೆ?
– ಓದುಗರೊಬ್ಬರು, ಮಂಗಳೂರು

ಉತ್ತರ: ಖಂಡಿತ ಪಡಬೇಕು. ಹಾಡುಗಳು ಎಲ್ಲಿಯಾದರೂ ಸಿಕ್ಕಾವು, ನಿಮ್ಮ ತಂದೆಯವರು ಇಟ್ಟ ಕ್ರಮ ಆ ಹನ್ನೊಂದು ಕ್ಯಾಸೆಟ್‌ಗಳಲ್ಲಿ ಮಾತ್ರ ಇದೆ. ಒಬ್ಬರು ಯೋಚಿಸಿ ಜೋಡಿಸಿದ ಪಟ್ಟಿಯೂ ಆಲ್ಬಮ್ಮೇ.

ಮೊದಲು ಸುರುಳಿಯನ್ನು ಕ್ಯಾಸೆಟ್ಟಿನ ಪಾರದರ್ಶಕ ಕಿಟಕಿಯ ಮೂಲಕ ನೋಡಿ. ಬಿಳಿ ಬೂಷ್ಟು ಕಂಡರೆ ಹಾಕಬೇಡಿ, ಅನುಭವಿಗಳ ಕೈಗೆ ಕೊಡಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪ್ಲಾಸ್ಟಿಕ್ ಚೂರುಗಳು ಮುರಿದಿಲ್ಲವಾದರೆ ಮುರಿದುಬಿಡಿ, ಆಗ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಾಡು ಅಳಿಯುವುದಿಲ್ಲ. ಪ್ಲೇಯರಿನಲ್ಲಿ ಸುರುಳಿಯನ್ನು ಓದುವ ಹೆಡ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಸುರುಳಿಯನ್ನು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ತನ್ನಿ. ಒಂದು ಬದಿಯನ್ನು ನಡುವೆ ನಿಲ್ಲಿಸದೆ ಒಂದೇ ಕಡತವಾಗಿ, ಧ್ವನಿಯನ್ನು ಕುಗ್ಗಿಸದ ವೇವ್ (WAV) ರೂಪದಲ್ಲಿ ಇಳಿಸಿಕೊಳ್ಳಿ. ಸಿಡಿಯ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 635 ಎಂಬಿ ಆಗುತ್ತದೆ. ಹಾಡುಹಾಡಾಗಿ ಕತ್ತರಿಸುವುದಾದರೆ ಒಂದು ನಕಲು ಮಾಡಿಕೊಂಡು ಅದರಲ್ಲಿ ಕತ್ತರಿಸಿ, ಮೂಲ ಕಡತವನ್ನು ಮುಟ್ಟಬೇಡಿ. ಬದಿಯ ಕೊನೆಯಲ್ಲಿ ಹಾಡು ಅರ್ಧಕ್ಕೆ ನಿಂತಿದ್ದರೆ ಇಂಟರ್‌ನೆಟ್ಟಿನಿಂದ ತಂದು ಪೂರ್ತಿ ಮಾಡಲು ಹೋಗಬೇಡಿ. ನಿಮ್ಮ ತಂದೆಯವರು ಅಷ್ಟು ವರ್ಷ ಕೇಳಿದ್ದು ಹಾಗೆಯೇ. ಡಬ್ಬಿಯೊಳಗಿನ ಕಾರ್ಡಿನಲ್ಲಿ ಹಾಡುಗಳ ಹೆಸರನ್ನು ಕೈಯಿಂದ ಬರೆದಿದ್ದರೆ ಅದರ ಎರಡೂ ಬದಿಗಳ ಫೋಟೋ ತೆಗೆದು ಕಡತದ ಜೊತೆಗಿಡಿ, ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ.