ಲೂಯಿಸ್ ಎನ್ರಿಕೆ ಗೆದ್ದದ್ದು ಮೆಸ್ಸಿ ಇದ್ದುದರಿಂದ ತಾನೆ? ಜನ ಅವರನ್ನು ಇಷ್ಟೊಂದು ಮೆಚ್ಚುವುದೇಕೆ?

ನಿಮ್ಮ ಪ್ರಶ್ನೆಯ ಮೊದಲರ್ಧ ಬಹಳ ಕಾಲ ನನ್ನ ಮಾತೂ ಆಗಿತ್ತು. 2015ರಲ್ಲಿ ಈ ಸ್ಪೇನಿನ ಫುಟ್‌ಬಾಲ್ ಕೋಚ್ ಕೈಕೆಳಗೆ ಬಾರ್ಸಿಲೋನಾ ಸ್ಪೇನಿನ ಲೀಗ್ ಲಾ ಲಿಗಾ, ಅಲ್ಲಿನ ಕಪ್ ಕೋಪಾ ದೆಲ್ ರೇ, ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಮೂರನ್ನೂ ಒಂದೇ ಸೀಸನ್‌ನಲ್ಲಿ ಗೆದ್ದಾಗ, ಮುಂದೆ ಮೆಸ್ಸಿ, ಸುವಾರೆಜ್, ನೇಮಾರ್ ನಿಂತಿದ್ದರೆ ಕೋಚ್ ಯಾರಾದರೇನು ಅನ್ನುತ್ತಿದ್ದೆ. ಆ ಮಾತನ್ನು ಬಿಡಿಸಿದ್ದು ಅವರು ಆಮೇಲೆ ಸೇರಿದ ಪ್ಯಾರಿಸ್‌ನ ಕ್ಲಬ್.

ಆಟಗಾರರಾಗಿದ್ದಾಗ ಅವರು ಎಲ್ಲಿ ನಿಲ್ಲಿಸಿದರೂ ಆಡುವವರು: ಮಿಡ್‌ಫೀಲ್ಡ್, ವಿಂಗ್, ಫಾರ್ವರ್ಡ್, ಬೇಕಾದರೆ ಫುಲ್‌ಬ್ಯಾಕ್. ಹುಟ್ಟೂರು ಸ್ಪೇನಿನ ಹಿಹೋನ್. 1991ರಲ್ಲಿ ರಿಯಲ್ ಮ್ಯಾಡ್ರಿಡ್ ಸೇರಿ ಐದು ವರ್ಷ ಆಡಿ, 1996ರಲ್ಲಿ ನೇರವಾಗಿ ಬಾರ್ಸಿಲೋನಾಗೆ ಹೋದರು. ಮ್ಯಾಡ್ರಿಡ್‌ನ ಮೈದಾನ ಬರ್ನಬ್ಯೂನಲ್ಲೇ ಗೋಲು ಹೊಡೆದು, ಬಾರ್ಸಾ ಜರ್ಸಿಯನ್ನು ಎಳೆದೆಳೆದು ತೋರಿಸಿದರು. ಮ್ಯಾಡ್ರಿಡ್ ಅಭಿಮಾನಿಗಳು ಇವತ್ತಿಗೂ ಅದನ್ನು ಮರೆತಿಲ್ಲ. ಹಾಗಾಗಿ ಅವರು ಎಲ್ಲರಿಗೂ ಬೇಕಾದವರು ಅನ್ನಲಾರೆ. 1994ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿಯ ತಸ್ಸೊತ್ತಿ ಮೊಣಕೈಯಿಂದ ಹೊಡೆದು ಮೂಗು ಮುರಿದಾಗ, ಮುಖವೆಲ್ಲ ರಕ್ತವಾಗಿ ರೆಫರಿ ಮುಂದೆ ಕೂಗಾಡಿದ ಆ ದೃಶ್ಯ ಸ್ಪೇನ್‌ನವರ ಕಣ್ಣಿಂದ ಹೋಗಿಲ್ಲ. ರೆಫರಿ ಒಂದು ಫೌಲ್ ಕೂಡ ಕೊಡಲಿಲ್ಲ.

2004ರಲ್ಲಿ ನಿವೃತ್ತಿ. ಆಮೇಲೆ ಫ್ರಾಂಕ್‌ಫರ್ಟ್‌ನ ಐರನ್‌ಮ್ಯಾನ್ (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ), ಸಹಾರಾ ಮರುಭೂಮಿಯ ಓಟ! ಬಾರ್ಸಾದ ಎರಡನೇ ತಂಡ ಬಾರ್ಸಾ ಬಿ, ಆಮೇಲೆ ರೋಮಾ, ಸೆಲ್ಟಾ ಕ್ಲಬ್‌ಗಳ ಕೋಚ್ ಹುದ್ದೆ ದಾಟಿ 2014ರಲ್ಲಿ ಬಾರ್ಸಾ ಮುಖ್ಯ ಕೋಚ್. ಮೂರು ಸೀಸನ್‌ನಲ್ಲಿ ಒಂಬತ್ತು ಟ್ರೋಫಿ. ಚಾಂಪಿಯನ್ಸ್ ಲೀಗ್‌ನ ಎರಡು ಪಂದ್ಯಗಳ ಸುತ್ತಿನಲ್ಲಿ, ಮೊದಲ ಪಂದ್ಯ 0–4 ಸೋತು, 2017ರ ಮಾರ್ಚ್‌ನಲ್ಲಿ ಪ್ಯಾರಿಸ್‌ನ ಪಿಎಸ್‌ಜಿಯನ್ನು 6–1ರಿಂದ ಮಣಿಸಿದ್ದೂ ಅವರ ತಂಡವೇ. 2023ರಲ್ಲಿ ಅದೇ ಪಿಎಸ್‌ಜಿ ಅವರನ್ನು ಕರೆಯಿತು.

ನಾನು ಸೋತು ಒಪ್ಪಿಕೊಂಡದ್ದು ಇಲ್ಲಿ. 2024ರಲ್ಲಿ ಪಿಎಸ್‌ಜಿಯ ತಾರೆ ಎಂಬಾಪೆ ತಂಡ ಬಿಟ್ಟರು. ಇನ್ನು ಮುಗಿಯಿತು ಅಂದುಕೊಂಡೆ. ಮೆಸ್ಸಿ, ನೇಮಾರ್, ಎಂಬಾಪೆ ಮೂವರೂ ಒಟ್ಟಿಗಿದ್ದಾಗ ಆ ಕ್ಲಬ್‌ಗೆ ಸಿಗದ ಚಾಂಪಿಯನ್ಸ್ ಲೀಗ್ ಕಪ್, ಮೂವರೂ ಇಲ್ಲದಾಗ ಸಿಕ್ಕಿತು. ಎನ್ರಿಕೆ ಅವರ ನಿಯಮ ಇಷ್ಟೇ: ಚೆಂಡು ಕೈತಪ್ಪಿದ ಕೂಡಲೇ ಮುಂದಿನ ಸಾಲಿನವರೇ ಎದುರಾಳಿಯ ಮೇಲೆ ಬೀಳಬೇಕು, ಯಾರಿಗೂ ವಿನಾಯಿತಿ ಇಲ್ಲ. 2025ರ ಮೇ 31ರಂದು ಮ್ಯೂನಿಕ್‌ನಲ್ಲಿ ಇಟಲಿಯ ಇಂಟರ್ ಮಿಲಾನ್ ವಿರುದ್ಧ ಫೈನಲ್, ನಮಗೆ ರಾತ್ರಿ ಹನ್ನೆರಡೂವರೆ. ಇಂಟರ್ ಗೋಲ್‌ಕೀಪರ್ ಚೆಂಡು ಹೊಡೆಯುವಾಗಲೆಲ್ಲ ಎದುರಿಗೆ ಪಿಎಸ್‌ಜಿಯ ಫಾರ್ವರ್ಡ್ ಡೆಂಬೆಲೆ ಬೇಟೆಗೆ ಹೊಂಚು ಹಾಕಿದವನಂತೆ ಬಗ್ಗಿ ನಿಂತಿರುತ್ತಿದ್ದ. ಹತ್ತೊಂಬತ್ತರ ಹುಡುಗ ದುವೆ ಎರಡು ಗೋಲು ಹೊಡೆದ. 5–0. ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಇಷ್ಟು ಅಂತರದಿಂದ ಹಿಂದೆ ಯಾರೂ ಗೆದ್ದಿರಲಿಲ್ಲ.

ಇನ್ನು ಮೆಚ್ಚುಗೆಯ ಮಾತು. 2015ರಲ್ಲಿ ಬಾರ್ಸಾ ಬರ್ಲಿನ್‌ನಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದ ರಾತ್ರಿ, ಅವರ ಪುಟ್ಟ ಮಗಳು ಶಾನಾ ಮೈದಾನದ ನಡುವೆ ಬಾರ್ಸಾ ಬಾವುಟ ನೆಟ್ಟು ಅಪ್ಪನ ಜೊತೆ ಆಡಿದ್ದಳು. 2019ರ ಆಗಸ್ಟ್‌ನಲ್ಲಿ, ಒಂಬತ್ತನೇ ವಯಸ್ಸಿಗೆ, ಮೂಳೆ ಕ್ಯಾನ್ಸರ್ ಅವಳನ್ನು ಕೊಂಡೊಯ್ದಿತು. ಸ್ಪೇನ್ ತಂಡದ ಕೋಚ್ ಆಗಿದ್ದ ಅವರು ಅದಕ್ಕೆ ಮೊದಲೇ ಹುದ್ದೆ ಬಿಟ್ಟು ಮನೆ ಸೇರಿದ್ದರು. ಮ್ಯೂನಿಕ್‌ನ ಫೈನಲ್ ಮುಗಿದ ಮೇಲೆ ಪಿಎಸ್‌ಜಿ ಅಭಿಮಾನಿಗಳು ಗ್ಯಾಲರಿಯಲ್ಲಿ ದೊಡ್ಡ ಬಟ್ಟೆಯೊಂದನ್ನು ಬಿಚ್ಚಿದರು. ಅದರ ಮೇಲೆ ಅಪ್ಪ, ಮಗಳು ಮತ್ತು ನೆಟ್ಟ ಬಾವುಟ. ಈ ಸಲ ಬಾವುಟ ಪ್ಯಾರಿಸ್‌ನದು.